‘ಐ7, 16 ಜಿಬಿ, 580 ಕಾರ್ಡ್’ ಅಂತ ಅರ್ಧ ಹೆಸರು ಹೇಳಿ ಗೇಮಿಂಗ್ ಪಿಸಿ ಮಾರುವವರಿದ್ದಾರೆ, ಹುಷಾರು

ಕಡಿಮೆ ದುಡ್ಡಿನಲ್ಲಿ ಗೇಮಿಂಗ್ ಪಿಸಿ ಮಾಡಿಸಬೇಕು ಅಂದುಕೊಂಡಿರುವವರು ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. ‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 8 ಜಿಬಿ 580 ಕಾರ್ಡ್, 500 ವ್ಯಾಟ್ ಸಪ್ಲೈ’ ಅಂತ ಯಾರಾದರೂ ಗಡಗಡ ಹೇಳಿದರೆ ಅಲ್ಲೇ ತಡೆಯಿರಿ. (ಕಾರ್ಡ್ ಅಂದರೆ ಗೇಮ್‌ನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್, ಸಪ್ಲೈ ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಪವರ್ ಸಪ್ಲೈ.) ಇದರಲ್ಲಿ ಒಂದಕ್ಕೂ ಪೂರ್ತಿ ಹೆಸರಿಲ್ಲ. ನಮಗೆ ಟೋಪಿ ಹಾಕಿದ್ದು ಇವೇ ಅರ್ಧ ಹೆಸರುಗಳು. ಆಮೇಲೆ ಕೇಳಿದರೆ ಮಾರಿದವನು ‘ನಾನೇನು ಸುಳ್ಳು ಹೇಳಿದ್ನಾ ಸರ್?’ ಅಂತಾನೆ!

ಪಿಸಿ ನನ್ನ ತಮ್ಮನಿಗೆ. ಅವನೇ ದುಡಿದು ಕೂಡಿಟ್ಟ ದುಡ್ಡು. ಅದನ್ನು ನೆನೆಸಿಕೊಂಡರೇ ಹೊಟ್ಟೆ ಉರಿಯುತ್ತೆ.

ಬಿಡಿ ಭಾಗ ತಂದು ಜೋಡಿಸಿ ಕೊಡುವ ಒಬ್ಬರ ನಂಬರ್ ಸಿಕ್ಕಿತು. ಇಂಥ ವ್ಯವಹಾರ ಹೇಗೆ ನಡೆಯುತ್ತೆ ಅಂತ ನಿಮಗೆ ಗೊತ್ತೇ ಇರುತ್ತೆ. ನಾವು ಬಜೆಟ್ ಹೇಳ್ತೀವಿ, ಅವರು ಲಿಸ್ಟ್ ಕಳಿಸ್ತಾರೆ, ಒಂದೆರಡು ಸಲ ಚೌಕಾಸಿ, ಅರ್ಧ ದುಡ್ಡು ಮುಂಗಡ, ಉಳಿದದ್ದು ಡೆಲಿವರಿ ದಿನ. ಲಿಸ್ಟ್ ಬಂತು. ನಾನು ಕೇಳಿದೆ: ‘ಐ7 ಯಾವ ಜನರೇಷನ್?’ ಬಂದ ಉತ್ತರ ಇದು: ‘ಗೇಮಿಂಗ್‌ಗೆ ಬೇಕಾದ ಜನರೇಷನ್ನೇ ಸರ್, ಕಣ್ಣು ಮುಚ್ಕೊಂಡು ಆಡ್ಬಹುದು.’ ಮತ್ತೆ ಕೇಳಿದೆ. ‘ಸರ್, ಐ3, ಐ5 ಹಾಕಿದ್ರೆ ನಿಮಗೇ ತೊಂದರೆ. ಐ7 ಅಂದ್ರೆ ಟಾಪ್ ಮಾಡೆಲ್ ಅಲ್ವಾ?’ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲ, ಆದರೆ ಮಾತಿಗೆ ಬರವೂ ಇಲ್ಲ. ಮುಂದೆ ಅಪ್‌ಗ್ರೇಡ್ ಮಾಡ್ಕೊಳ್ಳೋಕೆ ಆಗುತ್ತಾ ಅಂದರೆ ‘ಆರಾಮಾಗಿ ಮಾಡ್ಕೊಬಹುದು ಸರ್’. ಸಪ್ಲೈ ಯಾವ ಕಂಪನಿದು ಅಂದರೆ ‘ಗೇಮಿಂಗ್ ಸಪ್ಲೈ ಸರ್, 500 ವ್ಯಾಟ್’.

ತಂದು ಕೊಟ್ಟ ದಿನ ನಮ್ಮೆದುರೇ ಆನ್ ಮಾಡಿ ತೋರಿಸಿದ. ಗಾಜಿನ ಬಾಗಿಲು, ಒಳಗೆ ಬಣ್ಣಬಣ್ಣದ ಫ್ಯಾನ್. ಯಾವುದೋ ಹಳೇ ಹಗುರವಾದ ಗೇಮ್ ಒಂದನ್ನು ಓಡಿಸಿ, ಮೂಲೆಯಲ್ಲಿ ಬರುವ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತೆ ಅನ್ನುವ) ನಂಬರಿಗೆ ಬೆರಳಿಟ್ಟು ‘ನೋಡಿ ಸರ್, ಬೆಣ್ಣೆ ಥರ ಹೋಗ್ತಿದೆ’ ಅಂದ. ಉಳಿದ ದುಡ್ಡು ಎಣಿಸಿಕೊಂಡು ಹೋದ.

ಅವತ್ತು ಸಂಜೆ ತಮ್ಮನ ಸ್ನೇಹಿತರೆಲ್ಲ ಬಂದಿದ್ದರು. ಹೊಸ ಪಿಸಿ ನೋಡಬೇಕು ಅಂತ. ಎಲ್ಲರೂ ಸುತ್ತ ನಿಂತಿರುವಾಗ ಇವನು ತುಂಬಾ ದಿನದಿಂದ ಕಾದಿದ್ದ ಗೇಮ್ ಹಾಕಿದ. ಮೆನು ಬಂತು. ಆಟ ಶುರುವಾಯಿತು. ಕಾರ್ಡಿನ ಫ್ಯಾನ್ ಸದ್ದು ಜೋರಾಗುತ್ತಾ ಹೋಯಿತು, ಟಪ್ ಅಂತ ಪಿಸಿ ಪೂರ್ತಿ ಆಫ್. ಮತ್ತೆ ಹಾಕಿದ, ಮತ್ತೆ ಅದೇ ಕಥೆ. ಸೆಟಿಂಗ್ಸ್ ಎಲ್ಲ ಕೆಳಗಿಳಿಸಿದರೆ ಸ್ವಲ್ಪ ಹೊತ್ತು ಜಾಸ್ತಿ ಓಡುತ್ತೆ, ಆಮೇಲೆ ಮತ್ತೆ ಟಪ್. ಇನ್ನೊಂದು ಆನ್‌ಲೈನ್ ಗೇಮ್ ಅಂತೂ ಟಿಪಿಎಂ 2.0 (ಪಿಸಿಯ ಭದ್ರತೆಗೆ ಇರುವ ಚಿಪ್) ಇಲ್ಲ ಅಂತ ಹೇಳಿ ಒಳಗೇ ಬಿಡಲಿಲ್ಲ. ಸ್ನೇಹಿತರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೋದರು. ತಮ್ಮ ಏನೂ ಮಾತಾಡಲಿಲ್ಲ. ಆ ಹುಡುಗನ ಮುಖ ನೋಡೋಕೆ ನನಗೇ ನಾಚಿಕೆಯಾಯಿತು.

ಫೋನ್ ಮಾಡಿದೆ. ‘ಸರ್, ನಿಮ್ಮನೆ ವೋಲ್ಟೇಜ್ ಚೆಕ್ ಮಾಡಿಸಿ’ ಅಂದ. ಮನೆಯಲ್ಲಿ ಉಳಿದದ್ದೆಲ್ಲ ಸರಿಯಾಗೇ ಓಡ್ತಿದೆ ಅಂದೆ. ‘ಹಾಗಾದ್ರೆ ಗೇಮ್ ಹೆವಿ ಇರಬೇಕು ಸರ್.’ ಗೇಮಿಂಗ್ ಪಿಸಿ ಅಂತ ಮಾರಿದವನು ಗೇಮ್ ಹೆವಿ ಇದೆ ಅಂತಾನೆ!

ಆಮೇಲೆ ಕೂತು ಒಂದೊಂದೇ ನೋಡಿದೆ. ಮೊದಲು ಒಳಗಿರುವ ಪ್ರೊಸೆಸರ್ ಯಾವುದು ಅಂತ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್ ಹಾಕಿದೆ. ಐ7-2600. ಅಂದರೆ ಎರಡನೇ ಜನರೇಷನ್, ಸ್ಯಾಂಡಿ ಬ್ರಿಡ್ಜ್, 2011ರಲ್ಲಿ ಬಂದದ್ದು. ಅದು ಬಂದ ಕಾಲಕ್ಕೆ ಒಳ್ಳೇ ಪ್ರೊಸೆಸರ್, ಅದರಲ್ಲಿ ಎರಡು ಮಾತಿಲ್ಲ. ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ). ಆದರೆ 2022ರಲ್ಲಿ ಬಂದ ಐ3-12100ಕ್ಕೂ ಅದೇ ನಾಲ್ಕು ಕೋರ್, ಎಂಟು ಥ್ರೆಡ್ ಇದೆ. ಆ ಐ3 ಈ ಹಳೇ ಐ7ನ್ನು ಎಲ್ಲೋ ಹಿಂದೆ ಬಿಟ್ಟು ಹೋಗುತ್ತೆ. ‘ಐ3 ಹಾಕಿದ್ರೆ ನಿಮಗೇ ತೊಂದರೆ’ ಅಂದಿದ್ದು ನೆನಪಾಗಿ ಮೈ ಉರಿದುಹೋಯಿತು. ಎವಿಎಕ್ಸ್2 ಅನ್ನುವ, ಒಂದೇ ಸಲಕ್ಕೆ ಹಲವು ಲೆಕ್ಕ ಮಾಡುವ ಸೌಲಭ್ಯ ಪ್ರೊಸೆಸರ್‌ಗೆ ಬಂದದ್ದೇ 2013ರ ಹ್ಯಾಸ್ವೆಲ್‌ನಲ್ಲಿ, ಅಂದರೆ ಇಂಟೆಲ್‌ನ ನಾಲ್ಕನೇ ಜನರೇಷನ್‌ನಲ್ಲಿ. ಅದನ್ನು ಕೇಳುವ ಹೊಸ ಗೇಮ್‌ಗಳು ಈ ಪ್ರೊಸೆಸರ್‌ನಲ್ಲಿ ತೆರೆಯೋದೇ ಇಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ಜನರೇಷನ್‌ನಿಂದ ಈಚೆಗಿನದೇ ಬೇಕು. ಇವನು ಹೇಗೋ ಅಡ್ಡದಾರಿಯಲ್ಲಿ ಹಾಕಿ ಕೊಟ್ಟಿದ್ದ, ಅದಕ್ಕೇ ಆ ಟಿಪಿಎಂ ಗಲಾಟೆ.

ಭಾಗಗಳೆಲ್ಲ ಕೂರುವ ಬೋರ್ಡ್ ಎಚ್61 ಅನ್ನುವ ಹಳೇ ಚಿಪ್‌ಸೆಟ್ಟಿನದು. ರ‍್ಯಾಮ್ ಹಳೇ ಕಾಲದ ಡಿಡಿಆರ್3. ಎಸ್‌ಎಸ್‌ಡಿ (ಫೈಲ್ ಇಡುವ ಡಿಸ್ಕ್) ಹೊಸದೇ, ಆದರೆ ಆ ಚಿಪ್‌ಸೆಟ್ಟಿನ ಸಾಟಾ (ಡಿಸ್ಕ್ ಜೋಡಿಸುವ ಕಿಂಡಿ) ಸೆಕೆಂಡಿಗೆ 3 ಗಿಗಾಬಿಟ್‌ನದು, ಹಾಗಾಗಿ ಎಸ್‌ಎಸ್‌ಡಿಗೆ ಇರುವ ವೇಗದ ಅರ್ಧದಷ್ಟೇ ಸಿಗೋದು. ಪ್ರೊಸೆಸರ್ ಕೂರುವ ಆ ಸಾಕೆಟ್ಟಿಗೆ ಮೂರನೇ ಜನರೇಷನ್ನೇ ಕೊನೆ. ನಾಳೆ ಹೊಸ ಬೋರ್ಡ್ ತಗೊಂಡರೆ ಈ ಪ್ರೊಸೆಸರ್ ಹೋಗಲ್ಲ, ಈ ರ‍್ಯಾಮೂ ಹೋಗಲ್ಲ. ‘ಆರಾಮಾಗಿ ಅಪ್‌ಗ್ರೇಡ್’ ಅಂದರೆ ಇದು.

ಆದರೂ ಕಾರ್ಡ್ ಒಂದಾದರೂ ಸರಿ ಇದೆ ಅಂದುಕೊಂಡಿದ್ದೆ. 580 ಅಂದರೆ ಹಳೇದಾದರೂ ಕಡಿಮೆ ಬಜೆಟ್ಟಿಗೆ ಕೆಟ್ಟ ಕಾರ್ಡಲ್ಲ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆದೆ. ಮೇಲಿನ ಸಾಲಿನಲ್ಲಿ ‘ರೇಡಿಯಾನ್ ಆರ್‌ಎಕ್ಸ್ 580’ ಅಂತ ಕಂಡು ನಿಟ್ಟುಸಿರು ಬಿಡುವಷ್ಟರಲ್ಲಿ ಅದರ ಬಾಲ ಕಂಡಿತು: 2048ಎಸ್‌ಪಿ. ಕೆಳಗೆ ಶೇಡರ್ಸ್ (ಕಾರ್ಡಿನ ಕೋರ್‌ಗಳ ಸಂಖ್ಯೆ) ಅನ್ನುವ ಕಡೆ ನೋಡಿದರೆ 2048. ನಿಜವಾದ ಆರ್‌ಎಕ್ಸ್ 580ಯಲ್ಲಿ ಇರುವುದು 2304. ಈ 2048ಎಸ್‌ಪಿ ಅನ್ನೋದು 2018ರಲ್ಲಿ ಚೀನಾ ಮಾರುಕಟ್ಟೆಗೆ ಅಂತ ಬಂದ ಕಾರ್ಡ್. ಒಳಗಿರುವುದು ಹೆಚ್ಚುಕಡಿಮೆ ಆರ್‌ಎಕ್ಸ್ 570, ಹೆಸರು ಮಾತ್ರ 580. ನಾನು ಆ ನಂಬರನ್ನೇ ನೋಡುತ್ತಾ ಕೂತುಬಿಟ್ಟೆ. ಪ್ರೊಸೆಸರ್ ಹೋಯಿತು, ಬೋರ್ಡ್ ಹೋಯಿತು, ಕೊನೆಗೆ ಕಾರ್ಡಿನಲ್ಲೂ ಒಂದು ಮೆಟ್ಟಿಲು ಕೆಳಗೆ. ಎಲ್ಲೂ ಒಂದು ಸುಳ್ಳು ಹೆಸರಿಲ್ಲ, ಎಲ್ಲೂ ಒಂದು ಪೂರ್ತಿ ಹೆಸರೂ ಇಲ್ಲ. ಇದು ಮರೆತು ಆದದ್ದಲ್ಲ, ಲೆಕ್ಕ ಹಾಕಿ ಮಾಡಿದ್ದು ಅಂತ ಆವಾಗ ಖಾತ್ರಿಯಾಯಿತು.

ಸ್ಕ್ರೀನ್ ಫೋಟೋ ತೆಗೆದು ಕಳಿಸಿದೆ. ಬಂದ ಉತ್ತರ ಹಾಗೇ ಬರೆಯುತ್ತೇನೆ, ಓದಿ:

‘ಸರ್, 580 ಅಂದೆ, 580 ಕೊಟ್ಟಿದೀನಿ. ಬಾಕ್ಸ್ ಮೇಲೂ 580 ಅಂತಾನೇ ಇದೆ.’

ಇದು 2048ಎಸ್‌ಪಿ ಅಂತ ಯಾಕೆ ಹೇಳಲಿಲ್ಲ ಅಂದೆ.

‘ಅದೆಲ್ಲ ಟೆಕ್ನಿಕಲ್ ವಿಷಯ ಸರ್, ಕಸ್ಟಮರ್‌ಗೆ ಬೇಕಾಗಲ್ಲ.’

ಕಸ್ಟಮರ್‌ಗೆ ಬೇಕಾಗಲ್ಲ! ದುಡ್ಡು ಕೊಟ್ಟವನಿಗೆ ತಾನು ತಗೊಂಡದ್ದು ಏನು ಅಂತ ಬೇಕಾಗಲ್ಲ ಅಂತೆ. ಐ7 ವಿಷಯಕ್ಕೂ ಅದೇ ರಾಗ. ‘ಎರಡನೇ ಜನರೇಷನ್ ಆದ್ರೇನು ಸರ್, ಐ7 ಐ7ನೇ.’ ಇನ್ನೂ ಜಗ್ಗಿಸಿ ಕೇಳಿದಾಗ ‘ನಿಮ್ಮ ಬಜೆಟ್‌ಗೆ ಇಷ್ಟೇ ಬರೋದು’ ಅಂದ. ಈ ಮಾತು ನನಗೆ ತುಂಬಾ ಚುಚ್ಚಿತು. ಬಜೆಟ್ ಕಡಿಮೆ ಅಂತ ಮೊದಲ ದಿನವೇ ಹೇಳಿದ್ದೆವು. ‘ಇಷ್ಟಕ್ಕೆ ಹೊಸ ಐ3, ಇಂಥ ಕಾರ್ಡ್ ಬರುತ್ತೆ’ ಅಂತ ನೇರವಾಗಿ ಹೇಳಿದ್ದರೆ ಸಂತೋಷವಾಗಿ ತಗೊಳ್ತಿದ್ದೆವು. ಬಜೆಟ್ ಕಡಿಮೆ ಇದ್ದವರಿಗೆ ನಿಜ ಹೇಳಬಾರದು ಅಂತ ಏನಾದರೂ ಇದೆಯಾ?

ಪಿಸಿ ಆಫ್ ಆಗೋದು ಯಾಕೆ ಅನ್ನೋದು ಇನ್ನೂ ಗೊತ್ತಾಗಿರಲಿಲ್ಲ. ಪಕ್ಕದ ಬಾಗಿಲು ಬಿಚ್ಚಿ ಸಪ್ಲೈ ಮೇಲಿನ ಲೇಬಲ್ ಓದಿದೆ. ದಯವಿಟ್ಟು ಇದನ್ನು ಗಮನ ಇಟ್ಟು ಓದಿ, ಇದು ದುಡ್ಡಿನ ಮೋಸಕ್ಕಿಂತ ದೊಡ್ಡದು. ಮೇಲೆ ದಪ್ಪಕ್ಷರದಲ್ಲಿ 500. ಕೆಳಗೆ ಸಣ್ಣಕ್ಷರದ ಟೇಬಲ್. ಅದರಲ್ಲಿ 12 ವೋಲ್ಟಿನ ಸಾಲಿಗೆ ಬರೆದಿದ್ದದ್ದು 18 ಆಂಪ್. ಹನ್ನೆರಡನ್ನು ಹದಿನೆಂಟರಿಂದ ಗುಣಿಸಿ: 216 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ಎಳೆಯೋದು ಈ 12 ವೋಲ್ಟಿನಿಂದಲೇ. ಐ7-2600ಕ್ಕೆ 95 ವ್ಯಾಟ್. 570 ದರ್ಜೆಯ ಕಾರ್ಡಿಗೆ ಸುಮಾರು 150. ಅಲ್ಲಿಗೇ 245 ಆಯಿತು, ಫ್ಯಾನು ಡಿಸ್ಕು ಬೇರೆ. ಹಗುರವಾದ ಗೇಮ್‌ನಲ್ಲಿ ಇದು ಗೊತ್ತಾಗೋದಿಲ್ಲ. ಕಾರ್ಡ್ ಪೂರ್ತಿ ಕೆಲಸ ಮಾಡೋಕೆ ಶುರು ಮಾಡಿದ ತಕ್ಷಣ ಸಪ್ಲೈ ಕೈ ಎತ್ತುತ್ತೆ. ಅವನು ಆ ಹಳೇ ಗೇಮನ್ನೇ ಓಡಿಸಿ ತೋರಿಸಿದ್ದು ಯಾಕೆ ಅಂತ ಈಗ ಅರ್ಥವಾಗುತ್ತೆ ಅಲ್ವಾ?

ಇಷ್ಟಕ್ಕೇ ಮುಗಿಯಲಿಲ್ಲ. ಆ ಸಪ್ಲೈಯಲ್ಲಿ ಕಾರ್ಡಿಗೆ ಕೊಡುವ 8 ಪಿನ್ ಕೇಬಲ್ಲೇ ಇಲ್ಲ. ಡಿಸ್ಕಿಗೆ ಕೊಡುವ ಮೋಲೆಕ್ಸ್ ಕನೆಕ್ಟರ್‌ಗೆ ಒಂದು ಅಡಾಪ್ಟರ್ ಸಿಕ್ಕಿಸಿ, ಅದನ್ನು 8 ಪಿನ್ ಮಾಡಿ ಕಾರ್ಡಿಗೆ ಕೊಟ್ಟಿದ್ದ. ಕೇಬಲ್‌ಗಳನ್ನೆಲ್ಲ ಬೋರ್ಡಿನ ಹಿಂದೆ ತುರುಕಿದ್ದ, ಮುಂದಿನ ಗಾಜಿನಿಂದ ಕಾಣೋದಿಲ್ಲ. ನಿಧಾನಕ್ಕೆ ಹೊರಗೆಳೆದು ನೋಡಿದೆ. ಅಡಾಪ್ಟರಿನ ಬಿಳಿ ಪ್ಲಾಸ್ಟಿಕ್, ಹಳದಿ ತಂತಿ ಒಳಗೆ ಹೋಗುವ ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಅಂಚು ಸ್ವಲ್ಪ ಕರಗಿ ಗಟ್ಟಿಯಾದ ಹಾಗೆ. ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಹಳದಿ ತಂತಿ ಅಂದರೆ 12 ವೋಲ್ಟ್. ಇನ್ನೊಂದಷ್ಟು ದಿನ ಹೀಗೇ ಆಡಿದ್ದರೆ? ತಮ್ಮ ರಾತ್ರಿ ಬಾಗಿಲು ಹಾಕಿಕೊಂಡು ಆಡುವವನು. ನನಗೆ ಕೈ ನಡುಗಿತು.

ಆ ಫೋಟೋನೂ ಕಳಿಸಿದೆ. ಇದಕ್ಕಾದರೂ ಹೆದರುತ್ತಾನೆ ಅಂದುಕೊಂಡೆ. ‘ಅದು ಮೊದಲಿಂದಲೂ ಹಾಗೇ ಇತ್ತು ಸರ್’ ಅಂದ! ಸುಟ್ಟದ್ದನ್ನೇ ಹಾಕಿ ಕೊಟ್ಟಿದ್ದೀನಿ ಅಂತ ತಾನೇ ಒಪ್ಪಿಕೊಂಡ ಹಾಗಾಯಿತಲ್ಲ ಅಂದರೆ ಒಂದು ಗಂಟೆ ಉತ್ತರ ಇಲ್ಲ. ಆಮೇಲೆ ‘ಬೇರೆ ಸಪ್ಲೈ ಹಾಕಿ ಕೊಡ್ತೀನಿ, ಡಿಫರೆನ್ಸ್ ಅಮೌಂಟ್ ಕೊಡಿ’. ಬಿಲ್ ಕೇಳಿದೆ. ಬಿಲ್ಲಿನಲ್ಲಿ ಬರೆದಿರುವುದು ‘ಗೇಮಿಂಗ್ ಪಿಸಿ, ಒಂದು’ ಅಷ್ಟೇ. ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ವಾರಂಟಿ ಕೇಳಿದರೆ ‘ನಾನಿದೀನಲ್ಲ ಸರ್’. ಈಗ ನನ್ನ ನಂಬರ್ ಬ್ಲಾಕ್. ಇರೋದು ಎಲ್ಲಿ ಅಂತ ನೋಡಬೇಕು.

ಈ ಅರ್ಧ ಹೆಸರಿನ ಆಟ 580ಗೆ ಮಾತ್ರ ಅಂದುಕೊಳ್ಳಬೇಡಿ. ಕಡಿಮೆ ಬಜೆಟ್ಟಿನ ಕಾರ್ಡುಗಳಲ್ಲೇ ಇದು ಜಾಸ್ತಿ. ಜಿಟಿಎಕ್ಸ್ 1060ಯಲ್ಲಿ 6 ಜಿಬಿಯದಕ್ಕೆ 1280 ಕೋರ್, 3 ಜಿಬಿಯದಕ್ಕೆ 1152. ಬರೀ ಮೆಮೊರಿ ವ್ಯತ್ಯಾಸ ಅಂತ ಹೇಳ್ತಾರೆ, ಚಿಪ್ಪೇ ಕಡಿಮೆ. ಆರ್‌ಟಿಎಕ್ಸ್ 3050ಯಲ್ಲಿ 8 ಜಿಬಿ ಬೇರೆ, 6 ಜಿಬಿ ಬೇರೆ. 6 ಜಿಬಿಯದರಲ್ಲಿ ಕೋರೂ ಕಡಿಮೆ, ಮೆಮೊರಿ ಬಸ್ಸೂ (ಡೇಟಾ ಹೋಗುವ ದಾರಿ) ಚಿಕ್ಕದು. ಜಿಟಿ 1030 ಜಿಡಿಡಿಆರ್5 ಮೆಮೊರಿಯಲ್ಲೂ ಬಂತು, ಡಿಡಿಆರ್4ನಲ್ಲೂ ಬಂತು. ಡಿಡಿಆರ್4ನ ಮೆಮೊರಿ ವೇಗ ಅರ್ಧಕ್ಕಿಂತಲೂ ಕಡಿಮೆ. ಇನ್ನು ಕೆಲವರು ಹಳೇ ಕಾರ್ಡಿನ ಬಯೋಸ್ (ಕಾರ್ಡಿನ ಒಳಗೇ ಇರುವ ಪುಟ್ಟ ಪ್ರೋಗ್ರಾಂ) ಬದಲಾಯಿಸಿ ಹೊಸ ಹೆಸರು ತೋರಿಸುವ ಹಾಗೆ ಮಾಡಿ ಮಾರ್ತಾರೆ. ಜಿಟಿಎಕ್ಸ್ 1050 ಟಿಐ ಅಂತ ಕೊಟ್ಟ ಕಾರ್ಡಿನ ಹಿಂದೆ ನೀಲಿ ವಿಜಿಎ ಪೋರ್ಟ್ ಕಂಡರೆ ಅದು ನಕಲಿ ಅಂತಲೇ ತಿಳಿಯಿರಿ, ಆ ಚಿಪ್ಪಿನಲ್ಲಿ ವಿಜಿಎ ಕೊಡುವ ಸೌಲಭ್ಯವೇ ಇಲ್ಲ. ಜಿಪಿಯು-ಝಡ್ ಇಂಥ ಎಷ್ಟೋ ನಕಲಿಗಳನ್ನು ಹಿಡಿದು ಹೆಸರಿನ ಮುಂದೆಯೇ ಫೇಕ್ ಅಂತ ತೋರಿಸುತ್ತೆ.

ಹಾಗಾಗಿ ಲಿಸ್ಟ್ ಕಳಿಸಿದವರನ್ನು ಪ್ರೊಸೆಸರ್, ಬೋರ್ಡ್, ರ‍್ಯಾಮ್, ಕಾರ್ಡ್, ಸಪ್ಲೈ ಪ್ರತಿಯೊಂದಕ್ಕೂ ಕೊನೆಯ ಅಕ್ಷರದವರೆಗೆ ಮಾಡೆಲ್ ಬರೆದು ಕಳಿಸಿ ಅನ್ನಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ‘ಅದೆಲ್ಲ ಬೇಡ ಸರ್, ನನ್ನ ನಂಬಿ’ ಅಂದರೆ ಬೇರೆಯವರ ಹತ್ತಿರ ಹೋಗಿ. ಉಳಿದ ದುಡ್ಡು ಕೊಡುವ ಮುಂಚೆ ನಿಮ್ಮದೇ ಪೆನ್‌ಡ್ರೈವ್‌ನಲ್ಲಿ ಸಿಪಿಯು-ಝಡ್, ಜಿಪಿಯು-ಝಡ್ ತಗೊಂಡು ಹೋಗಿ, ನೀವು ಆಡುವ ಭಾರದ ಗೇಮನ್ನೇ ಅರ್ಧ ಗಂಟೆ ಓಡಿಸಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ದುಡ್ಡು ಸಾಲದೇ ಹೋದರೆ ಕಾರ್ಡನ್ನು ಆಮೇಲೆ ತಗೊಳ್ಳಿ, ರೈಜನ್ 5600ಜಿ ಥರ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್‌ನಲ್ಲಿ ಅಲ್ಲಿವರೆಗೆ ಹಗುರವಾದ ಗೇಮ್ ಆಡಬಹುದು. ಆದರೆ ಸಪ್ಲೈಯಲ್ಲಿ ಮಾತ್ರ ಉಳಿತಾಯ ಮಾಡಲೇಬೇಡಿ.

ಇಂಥ ಕಡೆ ಈಗಾಗಲೇ ಪಿಸಿ ತಗೊಂಡು, ಆಡುವಾಗ ಆಫ್ ಆಗ್ತಿದೆ ಅನ್ನುವವರು ಯಾರಾದರೂ ಇದನ್ನು ಓದ್ತಿದ್ದರೆ, ಇವತ್ತೇ ಪ್ಲಗ್ ತೆಗೆದು ಬಾಗಿಲು ಬಿಚ್ಚಿ. ಸಪ್ಲೈ ಲೇಬಲ್ಲಿನ 12 ವೋಲ್ಟ್ ಸಾಲು ಓದಿ, ಕಾರ್ಡಿಗೆ ಹೋಗುವ ಕೇಬಲ್ ಎಲ್ಲಿಂದ ಬರ್ತಿದೆ ನೋಡಿ. ನಡುವೆ ಮೋಲೆಕ್ಸ್ ಅಡಾಪ್ಟರ್ ಕಂಡು, ಅದರ ಬಣ್ಣ ಬದಲಾಗಿದ್ದರೆ ಮತ್ತೆ ಆನ್ ಮಾಡಬೇಡಿ. ಸಪ್ಲೈ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತೆ.