ಅಪ್ಪನ ಸ್ಪೀಚ್ ಥೆರಪಿ: ಮೆಟ್ಟಿಲಿಗೆ ಒಂದು ಮಾರ್ಕು ಕಟ್

ಮೊದಲು ಬೈಯುವುದನ್ನು ಮುಗಿಸಿಬಿಡ್ತೀನಿ. ದಾವಣಗೆರೆಯ ಈ ಕ್ಲಿನಿಕ್ ಇರುವುದು ಮೊದಲನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. 19 ಮೆಟ್ಟಿಲು, ಎಣಿಸಿದ್ದೇನೆ. ಲಕ್ವ ಹೊಡೆದವರೇ ಜಾಸ್ತಿ ಬರುವ ಜಾಗ ಇದು, ಅಲ್ವಾ? ಅಪ್ಪನಿಗೆ ಬಿದ್ದು ಹೋಗಿರುವುದು ಬಲಗೈ. ಹಿಡಿಯುವ ಕಂಬಿ ಇರುವುದೂ ಬಲಕ್ಕೇ.

ನಮ್ಮದು ಮಂಡಿಪೇಟೆ ಕಡೆ ಸಣ್ಣ ಹೊಲಿಗೆ ಅಂಗಡಿ. ಅಪ್ಪ ಪ್ಯಾಂಟು, ಶರ್ಟು, ನಾನು ಬ್ಲೌಸು. ಮನೆಯಲ್ಲಿ ಮರಾಠಿ, ಗಿರಾಕಿಗಳ ಹತ್ತಿರ ಕನ್ನಡ, ಕಾಜಾ ಹಾಕುವ ಹುಡುಗರ ಜೊತೆ ಉರ್ದು. ಅಪ್ಪನಿಗೆ ಓದಲು ಬರುವುದು ಮಾತ್ರ ಕನ್ನಡ ಒಂದೇ. ಸಂಕ್ರಾಂತಿ ಕಳೆದ ವಾರ ಕಟಿಂಗ್ ಟೇಬಲ್ ಮುಂದೆ ಕುಸಿದರು. ಜೀವ ಉಳಿಯಿತು, ಮಾತು ಹೋಯಿತು.

ಮೊದಲು ತೋರಿಸಿದ ಕಡೆ ಒಬ್ಬರು ಪೆನ್ನು, ವಾಚು ಹಿಡಿದು "ಇದೇನು? ಇದೇನು?" ಅಂತ ಹತ್ತು ನಿಮಿಷ ಕನ್ನಡದಲ್ಲೇ ಕೇಳಿದರು. ಮಾತು ಬರುವುದು ಕಷ್ಟ ಎಂದು ಕಳಿಸಿದರು. ಅಪ್ಪ ಅಷ್ಟು ಹೊತ್ತೂ "ತೇ... ತೇ..." ಅನ್ನುತ್ತಿದ್ದರು. ಮರಾಠಿಯಲ್ಲಿ ಅದರರ್ಥ 'ಅದು'. ಪಕ್ಕದಲ್ಲೇ ಕೂತಿದ್ದ ನನಗೂ ಆಗ ಹೊಳೆಯಲಿಲ್ಲ.

ಈ ಕ್ಲಿನಿಕ್ಕಿನ ಮೇಡಂ ಓದಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಮೊದಲ ದಿನ ಅಪ್ಪನನ್ನು ಏನೂ ಕೇಳಲಿಲ್ಲ, ನನ್ನನ್ನೇ ಕೇಳಿದರು. "ಅಕ್ಕ, ಸಿಟ್ಟು ಬಂದ್ರೆ ಯಾವ ಭಾಷೇಲಿ ಬೈತಿದ್ರು? ಅಳತೆ ಯಾವುದರಲ್ಲಿ ಹೇಳ್ತಿದ್ರು?" ಎರಡಕ್ಕೂ ಉತ್ತರ ಮರಾಠಿ. ನಂತರ ಮೇಜಿನ ಮೇಲೆ ಕತ್ತರಿ ಇಟ್ಟು ನನ್ನಿಂದಲೇ "ಹೇ ಕಾಯ್?" ಎಂದು ಕೇಳಿಸಿದರು. ಅಪ್ಪನ ಗಂಟಲು ಕೆರೆದಂತಾಯಿತು. "ಕಾ... ಕಾತ್ರಿ."

ನಾನು ಅತ್ತುಬಿಟ್ಟೆ. ಅದನ್ನು ಬರೆಯುವುದು ಬೇಡ.

ಮೇಡಂ ಆಮೇಲೆ ಸ್ಲೇಟಿನಲ್ಲಿ 'ಕತ್ತರಿ' ಎಂದು ಬರೆದರು. ಅಪ್ಪ ಅಕ್ಷರದ ಕೆಳಗೆ ಎಡಗೈ ಬೆರಳಿಟ್ಟು "ಕ... ತ್ತ... ರಿ" ಎಂದು ಓದಿಯೇ ಬಿಟ್ಟರು. ಬಾಯಿಗೆ ಬಾರದ ಪದ ಕಣ್ಣಿನಿಂದ ಬಂತು! ಆದರೆ 'ಸೂಜಿ' ಎಂದು ಬರೆದಾಗ ಸರಿಯಾಗಿ ಓದಿ, ಕೈಗೆತ್ತಿಕೊಂಡದ್ದು ದಾರದ ಉಂಡೆ. ಕನ್ನಡದಲ್ಲಿ ಅಕ್ಷರ ಕಂಡರೆ ಉಚ್ಚಾರ ಸಿಗುತ್ತದೆ, ಅರ್ಥ ಸಿಗದಿದ್ದರೂ ಓದಿಬಿಡಬಹುದು, ಅವು ಬೇರೆ ಬೇರೆ ದಾರಿ ಎಂದರು ಮೇಡಂ. ಕೇಳಿದ ಮಾತು ಕಿವಿಯ ಹತ್ತಿರದ ಭಾಗಕ್ಕೆ ಮೊದಲು ಹೋಗುತ್ತದೆ. ಬರೆದದ್ದು ಮಿದುಳಿನ ಹಿಂಭಾಗಕ್ಕೆ ಹೋಗಿ, ಅಲ್ಲಿಂದ ಎಡಗಡೆ ಕೆಳಗೆ ಅಕ್ಷರ ಗುರುತಿಸುವ ಜಾಗ ದಾಟುತ್ತದೆ. ಮುಂದೆ ಎರಡೂ ಸೇರುವುದು ಎಡಭಾಗದ ಅದೇ ಮಾತಿನ ಜಾಲಕ್ಕೆ. ಭಾಷೆಗೊಂದು ಬೇರೆ ಬೀರು ಏನೂ ಇಲ್ಲ. ಮೂರು ಭಾಷೆಯೂ ಹೆಚ್ಚುಕಮ್ಮಿ ಒಂದೇ ಜಾಲದಲ್ಲಿ ಹೆಣೆದುಕೊಂಡಿರುತ್ತವೆ. ಒಂದು ಪದ ಕೇಳಿದರೆ ಉಳಿದವುಗಳ ನೆಂಟರೂ ಎದ್ದು ಬರುತ್ತಾರೆ, ಬೇಡದವರನ್ನು ತಡೆಯುವುದೂ ಮಿದುಳಿನ ಕೆಲಸವೇ.

ಅಪ್ಪನಲ್ಲಿ ಆ ತಡೆ ಸಡಿಲವಾಗಿದೆ. ದಾರ ತೋರಿಸಿದರೆ ಮರಾಠಿಯ ದೋರಾ ಸೇರಿಸಿ "ದೋರ್ದಾರ" ಅಂದರು. ಮನೆಪಾಠ ಅಂತ ಬೆಣ್ಣೆ ದೋಸೆ ಹೋಟೆಲಿಗೆ ಕರೆದುಕೊಂಡು ಹೋದೆ, ಅಪ್ಪನೇ ಆರ್ಡರ್ ಕೊಡಬೇಕಿತ್ತು. ಸಪ್ಲೈಯರ್ "ಖಾಲೀನಾ ಅಜ್ಜಾರೆ, ಬೆಣ್ಣೇನಾ?" ಅಂದ. ಅಪ್ಪ ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದರು. ಅವನು ಕೇಳಿದ್ದು ಖಾಲಿ ದೋಸೆಯಾ ಅಂತ, ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ. ಆಮೇಲೆ ಅವರಿಗೇ ಗೊತ್ತಾಗಿ, ಲಕ್ವ ಹೊಡೆದ ಮೇಲೆ ಮೊದಲ ಸಲ ನಕ್ಕರು.

ಅಲ್ಬೇರ್ ಪಿತ್ರ್ ಎಂಬ ಫ್ರೆಂಚ್ ವೈದ್ಯರು 1895ರಲ್ಲೇ ಬರೆದಿದ್ದರಂತೆ: ಕಾಯಿಲೆಗೆ ಮುಂಚೆ ಜಾಸ್ತಿ ಬಳಸುತ್ತಿದ್ದ ಭಾಷೆಯೇ ಸಾಮಾನ್ಯವಾಗಿ ಮೊದಲು ಮರಳುತ್ತದೆ ಎಂದು. ದಿನಕ್ಕೆ ಹನ್ನೆರಡು ಗಂಟೆ ಅಂಗಡಿಯಲ್ಲಿ ಕನ್ನಡ ಮಾತಾಡಿದ ಅಪ್ಪ ಆ ಲೆಕ್ಕಕ್ಕೆ ಸಿಗಲಿಲ್ಲ. ಎಲ್ಲರೂ ಸಿಗುವುದಿಲ್ಲ ಎಂದರು ಮೇಡಂ. ಹೈದರಾಬಾದಿನಲ್ಲಿ 608 ಲಕ್ವ ರೋಗಿಗಳನ್ನು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಮಾತನ್ನೂ ಹೇಳಿದರು. ಲಕ್ವದ ನಂತರ ನೆನಪು, ಗಮನ, ಯೋಚನೆ ಸರಿಯಾಗಿ ಉಳಿದವರ ಪ್ರಮಾಣ ಒಂದೇ ಭಾಷೆಯವರಲ್ಲಿ ಶೇ. 19.6, ಹೆಚ್ಚು ಭಾಷೆಯವರಲ್ಲಿ ಶೇ. 40.5. ಮಾತು ಹೋಗುವುದರಲ್ಲಿ ಮಾತ್ರ ಅಂಥ ವ್ಯತ್ಯಾಸ ಇರಲಿಲ್ಲ. ಸುಮ್ನೆ ಸಮಾಧಾನ ಹೇಳದೆ ಆ ಎರಡನೇ ಮಾತನ್ನೂ ಹೇಳಿದ್ದು ನನಗೆ ಹಿಡಿಸಿತು.

ಇನ್ನೊಂದು ತಕರಾರು ಚಿತ್ರದ ಕಾರ್ಡುಗಳದ್ದು. ಹಿಮದ ಗೊಂಬೆ, ಚಿಮಣಿ ಇರುವ ಮನೆ. ಮಾತು ಚೆನ್ನಾಗಿದ್ದಾಗಲೂ ಅಪ್ಪ ಹಿಮದ ಗೊಂಬೆಗೆ ಹೆಸರು ಹೇಳುತ್ತಿರಲಿಲ್ಲ. ನಾನು ಅಂಗಡಿಯಿಂದ ಬಾಬಿನ್, ಟೇಪು, ಚಾಕ್‌ಪೀಸು, ಇಸ್ತ್ರಿಪೆಟ್ಟಿಗೆಯ ಫೋಟೊ ಒಯ್ದ ಮೇಲೆ ಪಾಠ ಓಡಿತು. ಒಂದು ಸಲಕ್ಕೆ 400 ರೂಪಾಯಿ, ವಾರಕ್ಕೆ ಮೂರು ಸಲ, 45 ನಿಮಿಷ. ನಾಲ್ಕು ತಿಂಗಳಿಗೆ ಲೆಕ್ಕ ಹಾಕಿ, ನಮ್ಮಂಥವರಿಗೆ ಕಡಿಮೆಯಲ್ಲ. ಸೋಮವಾರ ಹೋಗಬೇಡಿ, ಕಾದು ಕಾದು ಸಾಕಾಗುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ.

ಮೊನ್ನೆ ಹಳೇ ಗಿರಾಕಿ ಒಬ್ಬರು ಶರ್ಟು ಹೊಲಿಸಲು ಬಂದರು. ಅಪ್ಪ ತಾನೇ ಟೇಪು ಹಿಡಿಯುತ್ತೇನೆಂದು ಎದ್ದರು. ನಾನು ಒಂದು ತುದಿ ಹಿಡಿದೆ. ಎದೆ ಅಳೆದು "ಛತ್ತೀಸ್" ಅಂದರು, ಅಂದರೆ ಮೂವತ್ತಾರು. ಎಡಗೈಯಲ್ಲಿ ಚಾಕ್‌ಪೀಸು ಹಿಡಿದು ಬಟ್ಟೆಯ ಮೇಲೆ ಸೊಟ್ಟಗೆ ಬರೆದದ್ದು 38.

"ಯಾವುದು ಯಜಮಾನ್ರೇ?" ಎಂದರು ಗಿರಾಕಿ. ಅಪ್ಪ ತನ್ನ ಬಾಯಿಗೆ ಬೆರಳು ತೋರಿಸಿ ಕೈ ಆಡಿಸಿದರು, ಇದು ಬೇಡ ಅನ್ನುವ ಹಾಗೆ. ಚಾಕ್‌ಪೀಸಿನ ಗುರುತಿನ ಮೇಲೆ ಎರಡು ಸಲ ತಟ್ಟಿದರು. ಟೇಪಿನಲ್ಲಿದ್ದದ್ದೂ 38.