ಸ್ಮೋಕಿ ಬೆಟ್ಟದ ಕ್ಯಾಬಿನ್: ಫೋಟೋಗಿಂತ ಮೊದಲು ದಾರಿ ನೋಡಿ

ಅಮೆರಿಕದ ಟೆನೆಸಿ ರಾಜ್ಯದ ಸ್ಮೋಕಿ ಬೆಟ್ಟಸಾಲಿನಲ್ಲಿ, ಗ್ಯಾಟ್ಲಿನ್‌ಬರ್ಗ್, ಪಿಜನ್ ಫೋರ್ಜ್, ವೇರ್ಸ್ ವ್ಯಾಲಿ, ಟೌನ್ಸೆಂಡ್ ಊರುಗಳ ಸುತ್ತಲಿನ ಗುಡ್ಡಗಳ ತುಂಬ ಕ್ಯಾಬಿನ್ ಎಂಬ ಬಾಡಿಗೆಯ ಮರದ ಮನೆಗಳಿವೆ. ಅಟ್ಲಾಂಟಾ, ಷಾರ್ಲೆಟ್, ನ್ಯಾಶ್‌ವಿಲ್‌ನಿಂದ ಸುಮಾರು ನಾಲ್ಕು ಗಂಟೆಯ ದಾರಿ. ಎರಡು ಕುಟುಂಬ ಸೇರಿ ಮೂರು ರಾತ್ರಿಯಾದರೂ ಉಳಿಯುವುದಾದರೆ ಹೋಟೆಲಿಗಿಂತ ಕ್ಯಾಬಿನ್ನೇ ಲೇಸು. ಇಬ್ಬರೇ ಒಂದು ರಾತ್ರಿಗೆ ಹೋಗುವುದಾದರೆ ಬೇಡ. ಸ್ವಚ್ಛತೆಯ ಶುಲ್ಕ ಒಂದು ರಾತ್ರಿಗೂ ಅಷ್ಟೇ, ನಾಲ್ಕು ರಾತ್ರಿಗೂ ಅಷ್ಟೇ. ದಿನಕ್ಕೆ 200 ಡಾಲರಿನ ಮನೆಗೆ ಆ ಶುಲ್ಕ 150 ಇದ್ದರೆ, ಒಂದು ರಾತ್ರಿಗೆ ತೆರಿಗೆ ಬಿಟ್ಟೇ 350 ಆಯಿತು. ನಾಲ್ಕು ರಾತ್ರಿ ಉಳಿದರೆ ದಿನಕ್ಕೆ 240ಕ್ಕೂ ಕಡಿಮೆ. ಹಾಗಾಗಿ ಕೊನೆಯ ಪುಟದ ಒಟ್ಟು ಮೊತ್ತವನ್ನು ನೋಡದೆ ಎರಡು ಮನೆಗಳನ್ನು ಹೋಲಿಸಬೇಡಿ.

ಫೋಟೋದಲ್ಲಿ ಕಾಣುವುದು ಹಾಟ್ ಟಬ್ಬು, ಜಗಲಿ, ಮಂಜು ಹೊದ್ದ ಬೆಟ್ಟ. ಕಾಣದೇ ಇರುವುದು ಮನೆಯವರೆಗಿನ ದಾರಿ. ನೋಟ ಚೆನ್ನಾಗಿದ್ದಷ್ಟೂ ಏರು ಕಡಿದು, ಕೊನೆಯ ಅರ್ಧ ಮೈಲಿ ಎಷ್ಟೋ ಕಡೆ ಜಲ್ಲಿ ರಸ್ತೆ. ಏಳು ಜನ ತುಂಬಿದ ಮಿನಿವ್ಯಾನಿನ ಮುಂದಿನ ಚಕ್ರ ಅಲ್ಲಿ ಸುಮ್ಮನೆ ತಿರುಗತೊಡಗುತ್ತದೆ. ಇಳಿಯುವಾಗ ಬ್ರೇಕು ಒತ್ತಿಕೊಂಡೇ ಬಂದರೆ ಸುಟ್ಟ ವಾಸನೆ ಬರುತ್ತದೆ, ಲೋ ಗೇರ್ ಹಾಕಿ. ಮನೆಯ ವಿವರದಲ್ಲಿ ಚಳಿಗಾಲಕ್ಕೆ ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ ಬೇಕು ಎಂದಿದ್ದರೆ ಅದನ್ನು ಅಕ್ಷರಶಃ ನಂಬಿ. ಬುಕ್ ಮಾಡುವ ಮೊದಲು ಮಾಲೀಕರಿಗೆ ಮೂರು ಪ್ರಶ್ನೆ ಕಳಿಸಿ: ರಸ್ತೆ ಕೊನೆತನಕ ಟಾರಿನದೇ? ಎಷ್ಟು ಕಾರು ನಿಲ್ಲುತ್ತವೆ? ಕೆಳಕ್ಕೆ ಇಳಿಯಲು ಬೇರೆ ದಾರಿ ಇದೆಯೇ? ಮೂರನೆಯದು ಅತಿ ಎಚ್ಚರಿಕೆಯಲ್ಲ. 2016ರ ನವೆಂಬರಿನ ಕಾಡ್ಗಿಚ್ಚಿನಲ್ಲಿ ಇಲ್ಲಿ 14 ಜನ ತೀರಿಕೊಂಡರು.

'ಹತ್ತು ಜನಕ್ಕೆ ಜಾಗ' ಎಂಬ ಲೆಕ್ಕದಲ್ಲಿ ಸೋಫಾ ಹಾಸಿಗೆಯೂ, ಬಾಗಿಲೇ ಇಲ್ಲದ ಅಟ್ಟವೂ ಸೇರಿರುತ್ತವೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ನೆಲಮಹಡಿಯಲ್ಲೇ ಮಲಗುವ ಕೋಣೆ, ಪಕ್ಕದಲ್ಲೇ ಬಚ್ಚಲು ಇರುವ ಮನೆ ಹುಡುಕಿ. ಕಾರಿನಿಂದ ಬಾಗಿಲವರೆಗಿನ ಮೆಟ್ಟಿಲನ್ನೂ ಎಣಿಸಿ. ಮಂಡಿನೋವಿನವರಿಗೆ ಹದಿನೈದು ಮೆಟ್ಟಿಲು ದಿನಕ್ಕೆ ನಾಲ್ಕು ಸಲ ಅಂದರೆ ಶಿಕ್ಷೆಯೇ.

ಅಡುಗೆಮನೆ ಕ್ಯಾಬಿನ್ನಿನ ನಿಜವಾದ ಲಾಭ. ಆದರೆ ಒಲೆ ಹೆಚ್ಚಾಗಿ ಕರೆಂಟಿನದು, ಮೇಲೆ ಗಾಜಿನ ಹಲಗೆ. ತಳ ದುಂಡಗಿನ ಬಾಣಲೆ ಅದರ ಮೇಲೆ ಕಾಯುವುದಿಲ್ಲ. ಚಪ್ಪಟೆ ತಳದ ತವ, 5 ಲೀಟರಿನ ಕುಕ್ಕರು, ಮಸಾಲೆ ಡಬ್ಬಿ, ಒಂದು ಹರಿತವಾದ ಚಾಕು ಮನೆಯಿಂದಲೇ ಒಯ್ಯಿರಿ. ಒಣಮೆಣಸಿನಕಾಯಿ ಒಗ್ಗರಣೆಗೆ ಮುಂಚೆ ಫ್ಯಾನ್ ಹಾಕಿ ಕಿಟಕಿ ತೆರೆಯಿರಿ, ಇಲ್ಲದಿದ್ದರೆ ಹೊಗೆಯ ಅಲಾರಾಂ ಮನೆಯನ್ನೆಲ್ಲ ಎಬ್ಬಿಸುತ್ತದೆ. ಕೊಳೆನೀರು ಎಷ್ಟೋ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕಿಗೆ ಹೋಗುವುದರಿಂದ ಕರಿದ ಎಣ್ಣೆ, ಅನ್ನದ ಅಗುಳು ಸಿಂಕಿಗೆ ಬೀಳಬಾರದು.

ಹಾಟ್ ಟಬ್ಬಿನ ನೀರು ಹೊಸದಾಗಿ ತುಂಬಿದ್ದರೆ ಕಾಯಲು ಹಲವು ಗಂಟೆ ಹಿಡಿಯುತ್ತದೆ. ಮೊದಲ ಸಂಜೆ ತಣ್ಣಗಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ, ಮುಚ್ಚಳ ಹಾಕಿಟ್ಟು ಕಾಯಿರಿ. ಕಸವನ್ನು ಕರಡಿ ತೆರೆಯಲಾಗದ ಪೆಟ್ಟಿಗೆಗೇ ಹಾಕಿ ಚಿಲಕ ಜಡಿಯಿರಿ. ಕಾರಿನಲ್ಲಿ ಚಕ್ಕುಲಿ ಪೊಟ್ಟಣವನ್ನೂ ಬಿಡಬೇಡಿ. ಇಲ್ಲಿನ ಕಪ್ಪು ಕರಡಿಗಳಿಗೆ ಕಾರಿನ ಬಾಗಿಲಿನ ಹಿಡಿ ಎಳೆಯಲು ಬರುತ್ತದೆ.

ಪಕ್ಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಆದರೆ 2023ರ ಮಾರ್ಚ್‌ನಿಂದ 15 ನಿಮಿಷಕ್ಕಿಂತ ಹೆಚ್ಚು ಕಾರು ನಿಲ್ಲಿಸಲು ಟ್ಯಾಗ್ ಬೇಕು: ದಿನಕ್ಕೆ 5, ವಾರಕ್ಕೆ 15, ವರ್ಷಕ್ಕೆ 40 ಡಾಲರು. ಮೊಬೈಲಿನಲ್ಲಿ ತೋರಿಸಿದರೆ ನಡೆಯದು, ಕಾಗದದ ಟ್ಯಾಗ್ ಕಾರಿನಲ್ಲಿ ಕಾಣುವಂತಿರಬೇಕು. ಬೇರೆ ಉದ್ಯಾನಗಳಿಗೆಂದು ಕೊಂಡ ವಾರ್ಷಿಕ ಪಾಸು ಇದರ ಬದಲಿಗೆ ಆಗುವುದಿಲ್ಲ. ಒಳಗೆ ಪೆಟ್ರೋಲ್ ಬಂಕಿಲ್ಲ, ಸಿಗ್ನಲ್ಲೂ ಬಹುತೇಕ ಇಲ್ಲ. ನಕ್ಷೆ ಮೊದಲೇ ಇಳಿಸಿಕೊಳ್ಳಿ.

ಉದ್ಯಾನದೊಳಗಿನ ಕಣಿವೆ ಕೇಡ್ಸ್ ಕೋವ್‌ನ ಸುತ್ತುರಸ್ತೆ 11 ಮೈಲಿ, ಏಕಮುಖ. ಸೂರ್ಯೋದಯಕ್ಕೆ ಗೇಟು ತೆರೆಯುವಾಗಲೇ ಒಳಗಿದ್ದರೆ ಜಿಂಕೆ, ಟರ್ಕಿ ಕೋಳಿ, ಅದೃಷ್ಟವಿದ್ದರೆ ಕರಡಿ. ಹತ್ತು ಗಂಟೆಗೆ ಹೋದರೆ ಮುಂದಿನ ಕಾರಿನ ಹಿಂಬದಿಯನ್ನೇ ಮೂರು ನಾಲ್ಕು ಗಂಟೆ ನೋಡಬೇಕಾದೀತು. ಮೇಯಿಂದ ಸೆಪ್ಟೆಂಬರ್‌ವರೆಗೆ ಬುಧವಾರ ಅಲ್ಲಿ ವಾಹನ ಬಿಡುವುದಿಲ್ಲ, ಸೈಕಲ್ ಇದ್ದವರಿಗೆ ಅದೇ ಒಳ್ಳೆಯ ದಿನ. ಗ್ಯಾಟ್ಲಿನ್‌ಬರ್ಗ್‌ನಿಂದ ಅಲ್ಲಿಗೇ ಒಂದು ಗಂಟೆ ಬೇಕು. ಕೋವ್ ನೋಡುವುದೇ ಮುಖ್ಯವಾದರೆ ಕ್ಯಾಬಿನ್ ಟೌನ್ಸೆಂಡಿನಲ್ಲಿ ಹಿಡಿಯಿರಿ. ಮಕ್ಕಳಿಗೆ ಡಾಲಿವುಡ್ ಎಂಬ ಮನರಂಜನಾ ಪಾರ್ಕ್ ಮುಖ್ಯವಾದರೆ ಪಿಜನ್ ಫೋರ್ಜ್‌ನಲ್ಲಿ.

ಕುವೋಹಿ 6,643 ಅಡಿ, ಉದ್ಯಾನದಲ್ಲೇ ಎತ್ತರದ ತುದಿ. ಕ್ಲಿಂಗ್‌ಮನ್ಸ್ ಡೋಮ್ ಎಂದಿದ್ದದ್ದಕ್ಕೆ 2024ರ ಸೆಪ್ಟೆಂಬರಿನಲ್ಲಿ ಇಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನರ ಹಳೆಯ ಹೆಸರೇ ಮರಳಿತು. ಕಾರು ನಿಲ್ಲಿಸಿದ ಮೇಲೆ ಅರ್ಧ ಮೈಲಿ ಟಾರು ದಾರಿ. ಅರ್ಧವೇ ಅನ್ನಬೇಡಿ, ಉಸಿರು ಕಟ್ಟಿಸುವ ಏರು. ಜುಲೈನಲ್ಲೂ ಸ್ವೆಟರ್ ಇರಲಿ. ಡಿಸೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಆ ರಸ್ತೆ ಮುಚ್ಚಿರುತ್ತದೆ.

ಎಲೆಯ ಬಣ್ಣಕ್ಕೆಂದು ಬರುವವರು ಅಕ್ಟೋಬರ್ ಮೊದಲ ವಾರಗಳಲ್ಲಿ ಎತ್ತರದ ಜಾಗ, ತಿಂಗಳ ಕೊನೆಗೆ ತಗ್ಗಿನ ಕಣಿವೆ ಎಂದು ಯೋಜಿಸಿ. ಶುಕ್ರವಾರ ಸಂಜೆ 40ನೇ ಹೆದ್ದಾರಿಯ 407ನೇ ಎಕ್ಸಿಟ್ಟಿನಲ್ಲಿ ಇಳಿಯುವ ಯೋಜನೆ ಮಾತ್ರ ಯಾವ ತಿಂಗಳಲ್ಲೂ ಬೇಡ. ಮಧ್ಯಾಹ್ನವೇ ತಲುಪಿ ದಿನಸಿ ಮುಗಿಸಿಕೊಂಡು, ಬೆಳಕಿರುವಾಗಲೇ ಗುಡ್ಡ ಹತ್ತಿ.