ತುಳು ಕೇಳಿ ಮರುಳಾದೆ, ₹2,400 ಮತ್ತು ಮೂರು ವರ್ಷದ ಖಾತೆ ಹೋಯಿತು

ಶೂಟರ್ ಆಟದಲ್ಲಿ "ಸ್ಕಿಲ್ ಪಾಯಿಂಟ್ ರಿಸೆಟ್ ಮಾಡಿ ಕೊಡ್ತೇನೆ" ಅಂತ, ಅಂದರೆ ಒಂದು ಕೌಶಲಕ್ಕೆ ಹಾಕಿದ ಪಾಯಿಂಟ್ ತೆಗೆದು ಬೇರೆಯದಕ್ಕೆ ಹಾಕುವ ಹಾಗೆ ಮಾಡ್ತೇನೆ ಅಂತ, ಯಾರಾದರೂ ಬಂದರೆ ತಕ್ಷಣ ಬ್ಲಾಕ್ ಮಾಡಿ. ತುಳುವಿನಲ್ಲಿ ಮಾತಾಡಿದರೂ ಬ್ಲಾಕ್ ಮಾಡಿ. ತುಳುವಿನಲ್ಲಿ ಮಾತಾಡಿದರೆ ಇನ್ನೂ ಬೇಗ ಮಾಡಿ.

ಮಂಗಳೂರಿನ ಹಂಪನಕಟ್ಟೆ ಹತ್ತಿರ ನನ್ನದು ಮೊಬೈಲ್ ರಿಪೇರಿ ಅಂಗಡಿ. ರಾತ್ರಿ ಶಟರ್ ಎಳೆದ ಮೇಲೆ ಒಂದು ಗಂಟೆ ಆಟ. ಲೆವೆಲ್‌ಗೆ ಒಂದು ಪಾಯಿಂಟ್, ಒಮ್ಮೆ ಹಾಕಿದರೆ ಹಾಕಿದ್ದೇ, ಮತ್ತೆ ತೆಗೆಯಲಿಕ್ಕಿಲ್ಲ. 40 ಪಾಯಿಂಟ್‌ನಲ್ಲಿ 26 ನಾನು ದೂರದಿಂದ ಗುರಿಯಿಟ್ಟು ಹೊಡೆಯುವ ಸ್ನೈಪರ್‌ಗೆ ಸುರಿದಿದ್ದೆ. ಕಳೆದ ತಿಂಗಳ ಅಪ್‌ಡೇಟ್‌ನಲ್ಲಿ ಆ ಸ್ನೈಪರನ್ನೇ ನರ್ಫ್ ಮಾಡಿ, ಅಂದರೆ ಬಲ ಇಳಿಸಿ, ಮೂಲೆಗೆ ಕೂರಿಸಿದರು. ನಮ್ಮ ಸ್ಕ್ವಾಡ್‌ಗೆ (ಜೊತೆ ಆಡುವ ತಂಡಕ್ಕೆ) ಈಗ ಗಾಯ ಗುಣಮಾಡುವ ಮೆಡಿಕ್ ಬೇಕು. ನಾನು ದಂಡಪಿಂಡ.

ನಿಯಮ ಬದಲಿಸಿದ್ದು ಅವರು. ನಾನು ಮಾತ್ರ ಏನೂ ಬದಲಿಸಬಾರದು! 2012ರ ಶೂಟರ್ ಆಟ ಬಾರ್ಡರ್‌ಲ್ಯಾಂಡ್ಸ್ 2ರಲ್ಲೇ ಆಟದೊಳಗಿನ ದುಡ್ಡು ಸ್ವಲ್ಪ ಕೊಟ್ಟರೆ ಪಾಯಿಂಟ್ ಎಲ್ಲ ವಾಪಸ್ ಬರುತ್ತಿತ್ತು. ಡಯಾಬ್ಲೊ 2 ಶೂಟರ್ ಅಲ್ಲ, ಆದರೂ 2000ದಲ್ಲಿ ಬಂದ ಆ ಆಟಕ್ಕೂ 2010ರ ಪ್ಯಾಚ್‌ನಲ್ಲಿ ರಿಸೆಟ್ ಸೇರಿಸಿದರು. ನಮ್ಮ ಸ್ಕ್ವಾಡ್‌ನ ಒಬ್ಬ ಹೇಳುವುದುಂಟು, "ಬೇಕಾದಾಗ ಬದಲಿಸಬಹುದಾದರೆ ಎಲ್ಲರೂ ಆ ವಾರದ ಜೋರು ಸ್ಕಿಲ್ಲನ್ನೇ ಹಾಕ್ತಾರೆ ಮಾರಾಯ." ಒಪ್ಪಿದೆ. ಹಾಗಾದರೆ ಆಟದ ನಾಣ್ಯ ಕೇಳಿ, ತಿಂಗಳಿಗೆ ಒಂದೇ ಸಲ ಅನ್ನಿ. ಇಲ್ಲವೇ ಇಲ್ಲ ಅಂದರೆ ನನ್ನಂಥ ಪೆದ್ದರು ಕಳ್ಳದಾರಿ ಹಿಡಿಯುತ್ತಾರೆ.

ಹಿಡಿದೆ. ಒಂದು ಮ್ಯಾಚ್‌ನಲ್ಲಿ ನಾನು ಗೊಣಗುತ್ತಿದ್ದಾಗ ಒಬ್ಬ ಮೈಕ್‌ನಲ್ಲಿ "ಎಂಚ ಉಲ್ಲರ್ ಅಣ್ಣ?" (ಹೇಗಿದ್ದೀರಿ ಅಣ್ಣ?) ಅಂದ. ಮನೆ ಬಿಜೈ ಅಂತೆ. ಆಟದ ಕಂಪನಿಯಲ್ಲಿ ಪರಿಚಯದವರು ಇದ್ದಾರಂತೆ. ₹1,500ಕ್ಕೆ ಪೂರ್ತಿ ರಿಸೆಟ್. ಅವನ ತುಳು ಕೇಳಿಯೇ ನಾನು ಅರ್ಧ ಕರಗಿದ್ದೆ. ಯುಪಿಐ ಮಾಡಿದೆ.

ಹತ್ತು ನಿಮಿಷ ಬಿಟ್ಟು ಮೆಸೇಜ್: "ಸರ್ವರ್‌ನವರು ಡೆಪಾಸಿಟ್ ಕೇಳ್ತಾರೆ ಅಣ್ಣ, 900 ಹಾಕಿ, ರಿಸೆಟ್ ಆದ ಕೂಡಲೇ ವಾಪಸ್ ಬರ್ತದೆ." ರಿಸೆಟ್‌ಗೆ ಎಂಥ ಡೆಪಾಸಿಟ್? ಬಾಡಿಗೆ ಮನೆಯಾ? ಆ ಪ್ರಶ್ನೆ ಆಗ ಬರಲಿಲ್ಲ. ಹಾಕಿದೆ.

ಆಮೇಲೆ, "ಒಂದು ರಿಸೆಟ್ ಕೋಡ್ ಬಂದಿರ್ಬೇಕು ನೋಡಿ."

ಬಂದಿತ್ತು. ಆರು ಅಂಕಿ. ಅದರ ಕೆಳಗೇ ಇತ್ತು, ಯಾರಿಗೂ ಹೇಳಬೇಡಿ ಅಂತ. ನನ್ನ ಅಂಗಡಿ ಕೌಂಟರ್ ಮೇಲೆ ನಾನೇ ಅಂಟಿಸಿದ ಚೀಟಿ ಉಂಟು, "ಒಟಿಪಿ ಯಾರಿಗೂ ಹೇಳಬೇಡಿ". ಗಿರಾಕಿಗಳಿಗೆ ದಿನಾ ಬುದ್ಧಿ ಹೇಳುವವನು ನಾನು. ಆ ಚೀಟಿಯ ಎದುರೇ ಕೂತು ಆರೂ ಅಂಕಿ ಓದಿ ಹೇಳಿದೆ. ನಾಚಿಕೆ ಆಗುತ್ತದೆ ಬರೆಯಲಿಕ್ಕೆ. ಅದು ರಿಸೆಟ್ ಕೋಡ್ ಅಲ್ಲ, ನನ್ನ ಲಾಗಿನ್ ಒಟಿಪಿ. ಎರಡೇ ನಿಮಿಷದಲ್ಲಿ ನಾನು ಆಟದಿಂದ ಹೊರಗೆ. ಇಮೇಲ್ ಬದಲಾಗಿತ್ತು, ಪಾಸ್‌ವರ್ಡ್ ಬದಲಾಗಿತ್ತು.

ಕೇಳಿದರೆ "ಪ್ರೊಸೆಸ್ ಆಗ್ತಾ ಉಂಟು ಅಣ್ಣ." ಮತ್ತೆ ಕೇಳಿದೆ. "ಗಡಿಬಿಡಿ ಮಾಡ್ಬೇಡಿ ಅಣ್ಣ." ಪೊಲೀಸರ ಹತ್ತಿರ ಹೋಗ್ತೇನೆ ಅಂದೆ. "ಹೋಗಿ. ರಿಸೆಟ್ ಮಾಡಿಸ್ಲಿಕ್ಕೆ ದುಡ್ಡು ಕೊಟ್ಟೆ ಅಂತ ಹೇಳಿ, ನಗ್ತಾರೆ." ಇಲ್ಲಿ ಅಣ್ಣ ಇರಲಿಲ್ಲ, ಗಮನಿಸಿ. ಕಂಪನಿಯ ಸಹಾಯ ವಿಭಾಗದ ಉತ್ತರ ಇನ್ನೂ ಚಂದ: ಖಾತೆಯ ವಿವರ ಬೇರೆಯವರಿಗೆ ಕೊಟ್ಟರೆ ನಾವು ಹೊಣೆಯಲ್ಲ. ರಿಸೆಟ್ ಯಾಕೆ ಕೊಡುವುದಿಲ್ಲ ಅಂತಲೂ ಕೇಳಿದ್ದೆ. ಅದಕ್ಕೆ "ನಿಮ್ಮ ಸಲಹೆಗೆ ಧನ್ಯವಾದ".

ಹೀಗೆ ಆದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯುಪಿಐ ಪಾವತಿಯ 12 ಅಂಕಿಯ ಯುಟಿಆರ್ (ವಹಿವಾಟಿನ ಗುರುತು ಸಂಖ್ಯೆ) ಮತ್ತು ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಾನು ನಾಚಿಕೆಯಲ್ಲಿ ಒಂದಿಡೀ ದಿನ ಸುಮ್ನೆ ಕೂತೆ. ಅಷ್ಟರಲ್ಲಿ ದುಡ್ಡು ಎಲ್ಲಿಗೆ ಹೋಯಿತೋ. ಮತ್ತೆ, ಯಾರೂ ನಗಲಿಲ್ಲ. ದೂರಿನ ನಂಬರ್ ಕೊಟ್ಟಿದ್ದಾರೆ.

ನಿನ್ನೆ ರಾತ್ರಿ ಸ್ಕ್ವಾಡ್‌ನ ಹುಡುಗ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ನನ್ನ ಖಾತೆ ಆನ್‌ಲೈನ್ ಇತ್ತು, ಯಾರೋ ಆಡುತ್ತಿದ್ದರು. ಸ್ನೈಪರ್‌ನಲ್ಲಿ 26 ಪಾಯಿಂಟ್ ಹಾಗೆಯೇ ಕೂತಿದೆ.